ಟೀಪಾಯಿ ಮೇಲಿನ ಹವಳ

ಉಪ್ಪಿಟ್ಟಿನ ತಾಟು ಹಿಡಿದು ಸುಕನ್ಯಾ ಹೊರಗೆ ಬಂದದ್ದೇ ತಡ, ಕನ್ಯೆ ನೋಡಲು ಬಂದಿದ್ದ ವಿನೋದನ ಮುಖ ಕಿವುಚಿಕೊಂಡಿತು. ಅವನು ಮೂಗಿಗೆ ಕರವಸ್ತ್ರ ಒತ್ತಿ ಹಿಡಿದ.

ಕಮರಿಪೇಟೆಯ ಆ ಸಣ್ಣ ಪಡಸಾಲೆಯಲ್ಲಿ ನಾತ ಹೊಡೆಯುತ್ತಿದ್ದದ್ದು ನಿಜ. ವರ ಸಮುದ್ರದ ಹವಳ ಕಾಯುವ ಸಂಶೋಧನಾ ಸಂಸ್ಥೆಯಲ್ಲಿದ್ದಾನೆಂದು ಕೇಳಿ, ಅವನ ಮನಸ್ಸು ಗೆಲ್ಲಲು ಸುಕನ್ಯಾಳ ಚಿಕ್ಕಪ್ಪ ಫಕೀರಪ್ಪ ಕಾಕಾ ಗಬ್ಬೂರ ಬೈಪಾಸಿನಲ್ಲಿ ಲಾರಿಯವನೊಬ್ಬನಿಂದ ಹೂಕೋಸಿನಂಥ ಹವಳ ತಂದು ಟೀಪಾಯಿ ಮೇಲಿಟ್ಟಿದ್ದ. ಹತ್ತು ಊದುಬತ್ತಿ ಹಚ್ಚಿದರೂ ಅಷ್ಟೇ... ಕೊಳೆತ ಮೀನಿನಂಥ ನಾತಕ್ಕೆ ಊದುಬತ್ತಿಯ ಮಲ್ಲಿಗೆ ಘಮ ಕೂಡಿ ಇನ್ನೂ ಕೆಟ್ಟಿತ್ತು.

"ಅವ್ರಿಗೆ ಇದು ಅತ್ತರ ಇದ್ದಂಗವ್ವಾ," ಎಂದಿದ್ದ ಕಾಕಾ.

ಹಾಗಾದರೆ ವಿನೋದ ಹೇಸಿದ್ದು ಯಾರಿಗೆ? ನನಗೇ... ಎಂದುಕೊಂಡಳು ಸುಕನ್ಯಾ.

ಅವನು ಉಪ್ಪಿಟ್ಟು ಮುಟ್ಟದೆ ಎದ್ದು ಹೋದ. ತಾಟು ಮುಟ್ಟಲಿಲ್ಲವೆಂದರೆ ಹುಡುಗಿಯನ್ನು ಒಲ್ಲೆ ಎಂದೇ ಅರ್ಥ.

ಮರುದಿನ ಬೆಳಿಗ್ಗೆ ಸುಕನ್ಯಾ ಹವಳವನ್ನು ಚೀಲಕ್ಕೆ ಹಾಕಿಕೊಂಡು, ಅವನು ಇಳಿದುಕೊಂಡಿದ್ದ ಬೆಂಗೇರಿಯ ಸೋದರತ್ತೆ ಮನೆಗೆ ಹೊರಟಳು. ಟೆಂಪೋದಲ್ಲಿ ಪಕ್ಕದವರೆಲ್ಲ ಸೆರಗು ಮೂಗಿಗೆ ಹಿಡಿದರು.

ವಿನೋದ ಅಂಗಳದ ನಳದಲ್ಲಿ ಮುಖ ತೊಳೆಯುತ್ತಿದ್ದ.

"ತಗೋರಿ ನಿಮ್ಮ ಹವಳ. ನನ್ನ ನೋಡಿ ಮಾರಿ ಕಿವುಚಿದ್ರಿ, ಇದನ್ನರ ನೋಡ್ಕೋತ ಕೂಡ್ರಿ."

"ನಿಮ್ಮನ್ನೇನ್ರಿ? ನಿಮ್ಮನ್ನ ನಾ ಸರಿಯಾಗಿ ನೋಡಲೇ ಇಲ್ಲ. ಮುಂದ ಹೆಣ ಇಟ್ಟು ಉಪ್ಪಿಟ್ಟು ತಿನ್ರಿ ಅಂದ್ರ ಹೆಂಗ ತಿನ್ನಲಿ?"

"ಹೆಣ?"

ಅವನು ಹವಳವನ್ನು ನಳದ ಕೆಳಗೆ ಹಿಡಿದ. ಸಣ್ಣ ತೂತುಗಳಿಂದ ಬೂದು ಬಣ್ಣದ ಲೋಳೆ ಜಾರಿ ಬಿತ್ತು.

"ಒಂದೊಂದು ತೂತಿನ್ಯಾಗೂ ಒಂದೊಂದು ಜೀವ ಇತ್ರಿ. ನಾತ ಹೊಡಿಯೂದು ಅವುಗಳ ಮೈ. ನಾವು ಮುರದು ಬಿದ್ದ ಬೆರಳಿನಷ್ಟು ತುಂಡು ಆರಿಸಿ, ಸಿಮೆಂಟ್ ಬಿಲ್ಲೆಗೆ ಕಟ್ಟಿ ಸಮುದ್ರದ ತಳದಾಗ ನೆಡತೇವಿ. ಅವು ಬದುಕಿದ್ರ ನಮಗ ಹಬ್ಬ. ಇದಕ್ಕ ನಿಮ್ಮಷ್ಟ ವಯಸ್ಸಾಗಿರಬೇಕು."

ಸುಕನ್ಯಾ ತನ್ನ ಕೈ ನೋಡಿಕೊಂಡಳು. ಟೀಪಾಯಿ ಮೇಲಿಡುವ ಮೊದಲು ಹಲ್ಲುಜ್ಜುವ ಬ್ರಷ್ಷಿನಿಂದ ಇದನ್ನೇ ತಿಕ್ಕಿ ತೊಳೆದಿದ್ದಳಲ್ಲ... ತನ್ನ ಕೈಯೇ ಹೇಸಿಗೆ ಎನಿಸಿತು.

"ಹವಳ ಅಂದ್ರ ಸಮುದ್ರರಾಜನ ಮಗಳ ತೋಟದ ಹೂವು ಅಂತಿದ್ಲು ನಮ್ಮಜ್ಜಿ."

"ಅಜ್ಜಿ ಸುಳ್ಳು ಹೇಳಿಲ್ಲ. ಹೂವಿನಂಗ ಅರಳತಾವು. ಆದ್ರ ಹರಿದು ತಂದ್ರ ಹಿಂಗಾಗತಾವ್ರಿ. ಕಾನೂನಿನ್ಯಾಗ ಇದೂ ವನ್ಯಜೀವಿ, ಮಾರೂದು ಈಗ ಅಪರಾಧ. ಇವತ್ತ ಅರಣ್ಯ ಕಚೇರಿಗೆ ಒಯ್ದು ಕೊಡತೇನಿ."

"ಕಾಕಾನ್ನೂ ಕರಕೊಂಡು ನಾನೂ ಬರ್ತೇನಿ. ಲಾರಿ ಗುರುತು ಅವಗೇ ಗೊತ್ತು."

ವಿನೋದ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

"ನಿನ್ನಿ ಉಪ್ಪಿಟ್ಟು ಏನಾತ್ರಿ?"

"ಹಳಸಿ ಹೋತು. ನಾಯಿನೂ ಮೂಸಲಿಲ್ಲ."

"ಇನ್ನೊಮ್ಮೆ ಮಾಡಿದ್ರ... ತಾಟು ಖಾಲಿ ಮಾಡೇ ಏಳತೇನಿ."

ಸುಕನ್ಯಾ ಚೊಂಬಿನಲ್ಲಿ ನೀರು ಹಿಡಿದು ಅವನ ಕೈಮೇಲೆ ಹೊಯ್ದಳು, ತನ್ನ ಕೈಯನ್ನೂ ತೊಳೆದಳು. ಎಷ್ಟು ತಿಕ್ಕಿದರೂ ನಾತ ಇಬ್ಬರ ಕೈಯನ್ನೂ ಬಿಡಲಿಲ್ಲ.

"ಸತ್ತ ಹವಳ ಪರೀಕ್ಷಾ ಮಾಡೂದೂ ನನ್ನ ಕೆಲಸಾರಿ," ಎಂದ ಅವನು ಮೆಲ್ಲಗೆ. "ಅಂಗಿಗೆ ಈ ನಾತ ಹತ್ತಿಸ್ಕೊಂಡ ದಿನಾ ಮನಿಗೆ ಬರ್ತೇನಿ. ನಡೀತೈತೇನ್ರಿ ನಿಮಗ?"

"ಬರ್ರಿ," ಎಂದಳು ಸುಕನ್ಯಾ, ತಲೆ ತಗ್ಗಿಸಿ. "ಊದುಬತ್ತಿ ಹಚ್ಚಂಗಿಲ್ಲ."