ಕೆಟೂರಾ ಎಷ್ಟನೇ ಪುಟದಲ್ಲಿ ಸಾಯುತ್ತಾಳೆ?

"ಕಟ್! ಈಗೇನಾಯ್ತಮ್ಮಾ?" ನಿರ್ದೇಶಕರು ಕೂಗಿದರು.

ಇನ್ನೂರು ವರ್ಷದ ನಿದ್ದೆಗೆಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೆಟೂರಾ ಧಡಕ್ಕನೆ ಎದ್ದು ಕೂತಿದ್ದಳು.

"ಇನ್ನೂರು ವರ್ಷ ಬರೀ ತಲೆಯಲ್ಲಿ ಮಲಗೋದಾ? ನನ್ನ ಕೈಲಾಗಲ್ಲ ಸರ್!"

ಅಟ್ಲಾಂಟಾದ ಹೊರವಲಯದ ಹಳೇ ಗೋದಾಮಿನಲ್ಲಿ ಅಂತರಿಕ್ಷ ನೌಕೆಯ ಸೆಟ್ ಹಾಕಿದ್ದರು. ಎಲ್ಲರೂ ಕೈಕಟ್ಟಿ ನಿಂತರು. ಚಿಕ್ಕಮ್ಮನ ಮೊಣಕಾಲ ನಡುವೆ ಒಂದಿಡೀ ಶನಿವಾರ ಕೂತು ಹೆಣೆಸಿಕೊಂಡ ಜಡೆಗಳನ್ನು ಕೆಟೂರಾ ಎರಡೂ ಕೈಯಿಂದ ಮುಚ್ಚಿಕೊಂಡಳು.

"ಈ ಕಥೆ ಬರೆದವರು ಯಾರು?"

ಮೂಲೆಯಲ್ಲಿದ್ದ ಉದ್ದನೆಯವನೊಬ್ಬ ಶಾಲೆಯ ಹುಡುಗನಂತೆ ಮೆಲ್ಲಗೆ ಕೈ ಎತ್ತಿದ. ಹೆಸರು ಐಸಮ್. ಅವಳದೇ ಕಪ್ಪು ಬಣ್ಣ, ಅಂಗಿಯ ಮೇಲೆ ಕಾಫಿ ಕಲೆ, ಮೃದುವಾದ ಕಣ್ಣು.

ಅಯ್ಯೋ... ನಮ್ಮವನೇ! ಅವಳ ಎದೆ ಒಮ್ಮೆ ಜಿಗಿಯಿತು. ಮರುಕ್ಷಣ ಸಿಟ್ಟು ಇಮ್ಮಡಿಯಾಯಿತು.

"ನಿಮ್ಮನೇಲಿ ಅಮ್ಮ ಇಲ್ವೇನ್ರೀ?"

"ಇದ್ದಾರೆ..."

"ಜಡೆ ಕೆದರದಿರಲಿ ಅಂತ ತಲೆಗೆ ಸ್ಯಾಟಿನ್ ಟೋಪಿ ಹಾಕದೆ ಅವರು ಮಲಗಿದ್ದು ಯಾವತ್ತಾದ್ರೂ ನೋಡಿದೀರಾ?"

"ಇಲ್ಲ. ಅಡುಗೆಮನೆಗೆ ಬೆಂಕಿ ಬಿದ್ದಾಗಲೂ ಟೋಪಿ ಹಾಕ್ಕೊಂಡೇ ಹೊರಗೆ ಓಡಿಬಂದಿದ್ರು."

"ಮತ್ತೆ? ನಾನು ಹೀಗೇ ಮಲಗಿ ಎದ್ರೆ, ನನ್ನ ತಲೆ ನೋಡಿ ಆ ಗ್ರಹದ ಜನ ಗ್ರಹಾನೇ ಬಿಟ್ಟು ಓಡಲ್ವಾ!"

ಗೋದಾಮೆಲ್ಲ ನಗು. ಮಧ್ಯಾಹ್ನದೊಳಗೆ ದರ್ಜಿ ಬೆಳ್ಳಿ ಬಣ್ಣದ ಟೋಪಿಯೊಂದನ್ನು ಹೊಲಿದುಕೊಟ್ಟ.

ಆದರೆ ಕೆಟೂರಾಳ ನಿಜವಾದ ನೋವು ಬೇರೆಯೇ ಇತ್ತು. ಅವಳದು ನೌಕೆಯ ಡಾಕ್ಟರ್ ಪಾತ್ರ. ಚಿತ್ರಕಥೆಯ ಹನ್ನೆರಡನೇ ಪುಟದಲ್ಲಿ ಸಾವು. ಮುಂದಿನ ಕಾಲದ ಕಥೆಯಿದ್ದ ಅವಳ ಹಳೆಯ ಸಿನಿಮಾಗಳಲ್ಲೂ ಅಷ್ಟೇ, ಶುರುವಿನಲ್ಲೇ ಸಾವು. ಅವಳ ಚರ್ಚಿನ ಹೆಂಗಸರು ಭಾನುವಾರದ ದೊಡ್ಡ ಹ್ಯಾಟುಗಳಲ್ಲೇ ಚಿತ್ರಮಂದಿರಕ್ಕೆ ಹೋಗಿ, ಹಿಂದೆ ಕೂತವರ ಬೈಗುಳ ತಿಂದು, ಕಣ್ಣೊರೆಸಿಕೊಂಡು ಬರುತ್ತಿದ್ದರು.

"ಪಾಪ್‌ಕಾರ್ನ್ ಆರೋ ಮೊದಲೇ ಹೋಗ್ಬಿಟ್ಯಲ್ಲೇ ಮಗಳೇ!"

ಅದಕ್ಕಾದರೂ ನಗಬಹುದಿತ್ತು. ಸಂಡೇ ಸ್ಕೂಲಿನ ಪುಟ್ಟ ಹುಡುಗಿಯೊಬ್ಬಳು ಸೆರಗು ಹಿಡಿದಂತೆ ಅವಳ ಕೋಟು ಜಗ್ಗಿ ಕೇಳಿದ್ದಕ್ಕೆ ಮಾತ್ರ ನಗು ಬರಲಿಲ್ಲ.

"ಅಕ್ಕಾ, ಮುಂದಿನ ಕಾಲದಲ್ಲಿ ನಮ್ಮಂಥವರು ಇರೋದೇ ಇಲ್ವಾ?"

ಭಗವಂತ ಬರಲಿರುವ ದಿನಗಳನ್ನು ಎಲ್ಲರಿಗಾಗಿಯೇ ಇಟ್ಟಿದ್ದಾನೆ. ಸಿನಿಮಾದವರಿಗೆ ಅದನ್ನು ಹೇಳುವವರು ಯಾರು?

ಸೋಮವಾರ ಐಸಮ್ ಅವಳ ಕೋಣೆಯ ಬಾಗಿಲಿಗೆ ಬಂದ. ಮುಖದ ತುಂಬ ನಗು.

"ಹನ್ನೆರಡನೇ ಪುಟದಲ್ಲಿ ನೀವು ಸಾಯಲ್ಲ! ಮೂವತ್ತರಲ್ಲಿ ಸಾಯ್ತೀರಿ... ಉಸಿರಾಡೋ ಗಾಳಿ ಮುಗಿದು."

ಅವಳು ಕಣ್ಣು ಪಿಳುಕಿಸಿದಳು.

ಮಂಗಳವಾರ ಮತ್ತೆ ಬಂದ. "ಐವತ್ತು! ಜೇಡ ನುಂಗುತ್ತೆ!"

ಬುಧವಾರವೂ ಓಡೋಡಿ ಬಂದ. "ಎಂಬತ್ತು! ನೀರಲ್ಲಿ ಮುಳುಗ್ತೀರಿ. ಆದ್ರೆ ತುಂಬಾ ನಿಧಾನವಾಗಿ!"

"ನನ್ನನ್ನ ದಿನಕ್ಕೊಂದು ಥರ ಸಾಯಿಸೋದು ನಿಮಗಿಷ್ಟು ಖುಷಿನಾ?" ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. "ಬೇರೆಯವರು ಒಂದೇ ಸಲ ಸಾಯಿಸಿ ಸುಮ್ಮನಾಗ್ತಿದ್ರು!"

ಬಾಗಿಲು ಅವನ ಮೂಗಿನ ಮುಂದೆಯೇ ಮುಚ್ಚಿಕೊಂಡಿತು.

ದೇವರೇ, ಇಂಥವನಿಗೆ ಆ ಕಣ್ಣು ಯಾಕೆ ಕೊಟ್ಟೆ! ಒಳಗೆ ಕೂತು ಅವಳು ಅತ್ತಳು. ಕಣ್ಣಿಗೆ ಹಚ್ಚಿದ್ದೆಲ್ಲ ಕರಗಿ ಕೆನ್ನೆಗಿಳಿಯಿತು.

ಮರುದಿನ 'ಈ ಪಾತ್ರ ನನಗೆ ಬೇಡ' ಎಂದು ಹೇಳಲು ಅವಳು ನಿರ್ಮಾಪಕ ಪ್ರೆಸ್ಕಾಟರ ಕೋಣೆಗೆ ಹೊರಟಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಜಗಳ.

"ನಾನು ಹನ್ನೆರಡು ಅಂದಿದ್ದೆ," ಪ್ರೆಸ್ಕಾಟ್ ಕೂಗುತ್ತಿದ್ದರು. "ನೀನು ನನ್ನ ಕಾಲು ಹಿಡಿದು ಮೂವತ್ತು ಮಾಡಿಸ್ದೆ. ಆಮೇಲೆ ಐವತ್ತು, ಎಂಬತ್ತು. ಈಗ ಸಾಯೋದೇ ಬೇಡ ಅಂತೀಯಾ ಐಸಮ್? ಡಾಕ್ಟರಮ್ಮ ಸಾಯದೆ ಹೀರೋಗೆ ಕೋಪ ಹೆಂಗಪ್ಪಾ ಬರುತ್ತೆ?"

"ಕಾಫಿ ತಣ್ಣಗಾದ್ರೂ ಬರುತ್ತೆ ಸರ್. ಬೆಳೆದ ಗಂಡಸು ಅವನು! ಅವನಿಗೆ ಕೋಪ ಬರ್ಲಿ ಅಂತ ನಮ್ಮ ಹೆಣ್ಣುಮಕ್ಕಳು ಇನ್ನೆಷ್ಟು ಸಿನಿಮಾದಲ್ಲಿ ಸಾಯ್ಬೇಕು?"

ಕೆಟೂರಾ ನಿಂತಲ್ಲೇ ನಿಂತಳು.

ಹಾಗಾದರೆ... ಆ ಗಾಳಿ, ಆ ಜೇಡ, ಆ ನೀರು... ಎಲ್ಲ ಇವನು ಬೇಡಿ ತಂದ ಆಯುಷ್ಯವೇ?

ಅವಳು ಬಾಗಿಲು ತಳ್ಳಿ ಒಳಗೆ ಬಂದಳು. "ಸರ್, ನಾನಿನ್ನು ಸಾಯಲ್ಲ. ಬೇಕಿದ್ರೆ ಈಗ್ಲೇ ಮನೆಗೆ ಹೋಗ್ತೀನಿ."

ಐಸಮ್ ಎದ್ದು ಅವಳ ಪಕ್ಕಕ್ಕೆ ಬಂದ. "ನಾನೂ ಬರ್ತೀನಿ. ಕ್ಲೈಮ್ಯಾಕ್ಸ್ ಇನ್ನೂ ನನ್ನ ತಲೇಲೇ ಇದೆ."

ಪ್ರೆಸ್ಕಾಟ್ ಹಣೆ ಒತ್ತಿಕೊಂಡರು. "ಹಾಗಿದ್ರೆ ಯಾರಯ್ಯಾ ಸಾಯೋದು?"

ಸೋಫಾದ ಮೂಲೆಯಲ್ಲಿ ರಬ್ಬರ್ ಉಡುಪಿನೊಳಗೆ ಬೇಯುತ್ತಿದ್ದ ಹೀರೋ ಟ್ರೆಂಟ್ ಕೈ ಎತ್ತಿದ.

"ನಾನು! ಬೆನ್ನೆಲ್ಲಾ ಕೆರೆತ ಸರ್, ದಮ್ಮಯ್ಯ... ಎಂಬತ್ತರಲ್ಲಿ ನಾನೇ ಮುಳುಗಿಬಿಡ್ತೀನಿ!"

"ಯಾರಾದ್ರೂ ಸಾಯಿರಿ, ನನ್ನ ಬಿಡಿ!" ಎಂದರು ಪ್ರೆಸ್ಕಾಟ್.

ಟ್ರೆಂಟ್ ಪರಮಾನಂದದಿಂದ ಮುಳುಗಿದ. ಕೊನೆಯ ಪುಟದಲ್ಲಿ ಕೆಟೂರಾ ಹೊಸ ಲೋಕದ ಮಣ್ಣಿನ ಮೇಲೆ ಕಾಲಿಟ್ಟಳು. ಬೈಬಲಿನ ಮೋಶೆ ಕಾಲಿಡಲಾಗದೆ ದೂರದಿಂದಷ್ಟೇ ಕಂಡ, ದೇವರು ಮಾತು ಕೊಟ್ಟಿದ್ದ ನೆಲ ಅವಳ ನೆನಪಿಗೆ ಬಂತು. ಯಾರೂ ಅಳು ಎಂದಿರಲಿಲ್ಲ. ಕಣ್ಣೀರು ತಾನಾಗಿಯೇ ಹರಿಯಿತು.

ದೀಪಗಳು ಆರಿದ ಮೇಲೆ ಅವಳು ಐಸಮ್‌ನ ಪಕ್ಕ ಬಂದು ಕೂತಳು.

"ಜಗಳ ಆಡ್ತಿದೀನಿ ಅಂತ ನನಗ್ಯಾಕೆ ಹೇಳ್ಲಿಲ್ಲ?"

"ಸೋತ್ರೆ ನಿನ್ನ ಮುಖ ಹೆಂಗೆ ನೋಡ್ಲಿ?" ಅವನು ತಲೆ ತಗ್ಗಿಸಿದ. "ಮತ್ತೆ... ಹೊಸ ಪುಟ ಸಿಕ್ಕ ದಿನ ನಿನ್ನ ಬಾಗಿಲಿಗೆ ಬರೋಕೆ ಒಂದು ನೆಪ ಇರ್ತಿತ್ತು. ನಿನ್ನನ್ನ ತುಂಬಾ ಇಷ್ಟಪಡ್ತೀನಿ, ಕೆಟೂರಾ."

ಅವಳ ಕಿವಿ ಬೆಚ್ಚಗಾಯಿತು.

"ಭಾನುವಾರ ಊಟಕ್ಕೆ ಬಾ. ಆದ್ರೆ ಅಜ್ಜಿ ಕೇಳ್ತಾಳೆ, 'ನನ್ನ ಮೊಮ್ಮಗಳನ್ನ ಜೇಡದ ಬಾಯಿಗೆ ಹಾಕಿದ್ದು ನೀನೇನಾ?' ಅಂತ."

"ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ತಲೆ ಬಗ್ಗಿಸಿ ತಿಂತಿರು. ಎರಡನೇ ಸಲ ಬಡಿಸಿದ್ರೆ ಕ್ಷಮಿಸಿದಾಳೆ ಅಂತ."

"ಮೂರನೇ ಸಲ ಬಡಿಸಿದ್ರೆ?"

"ಅಳಿಯ ಅಂತ ಒಪ್ಪಿದಾಳೆ ಅಂತ."

ಅವನು ಉಸಿರು ಬಿಗಿಹಿಡಿದ. "ಮತ್ತೆ... ನೀನು?"

ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

"ನನ್ನ ಒಪ್ಪಿಗೆಗೆ ನೀನು ಅಷ್ಟೆಲ್ಲಾ ತಿನ್ನಬೇಕಾಗಿಲ್ಲ ಕಣೋ."