ಸುಮ್ಮನೆ ಕೇಳಿದ್ದು

“ಈಗಲೂ ಓಣಿಯ ಒಲೆಮನೆಗೆ ಬೇಯಿಸೋಕೆ ರೊಟ್ಟಿ ನೀನೇ ಹೊತ್ಕೊಂಡು ಹೋಗ್ತೀಯಾ?” ಅಪ್ಪ ಕೇಳಿದ.

ನುಹೈಲಾಳ ಬಾಯಿ ತುಂಬ ಗೋಧಿ ರವೆಯ ಕುಸ್‌ಕುಸ್ ಇತ್ತು. ಮಾತಾಡಲು ಆಗದೆ ಹೌದು ಎಂದು ತಲೆಯಾಡಿಸಿದಳು.

ಅಪ್ಪ, ಅಜ್ಜಿ, ಅವಳು ಮೂವರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತಿದ್ದರು. ಅವರವರ ಮುಂದಿದ್ದುದನ್ನಷ್ಟೇ ಅವರವರು ತಿನ್ನಬೇಕು. ನಡುವಿನ ಮಾಂಸಕ್ಕೆ ಮಕ್ಕಳು ಕೈಹಾಕುವ ಹಾಗಿಲ್ಲ, ದೊಡ್ಡವರೇ ಹಂಚಬೇಕು. ಅಪ್ಪ ಎಲ್ಲಕ್ಕಿಂತ ದೊಡ್ಡ ತುಂಡನ್ನು ಬಿಡಿಸಿ ನುಹೈಲಾಳ ಕಡೆಗೆ ತಳ್ಳಿದ.

“ಜಾಣೆ ನನ್ನ ಮಗಳು. ಆ ಹಲಗೆ ಭಾರ ಅಲ್ವೇನೇ? ಎಷ್ಟು ರೊಟ್ಟಿ ಇರ್ತವೆ?”

“ಐದು!” ನುಹೈಲಾ ಹೆಮ್ಮೆಯಿಂದ ಹೇಳಿದಳು. “ಒಂದು ದಿನಾನೂ ಬೀಳಿಸಿಲ್ಲ ಅಪ್ಪಾ.”

“ಐದಾ? ಮೊದಲೆಲ್ಲ ಮೂರೇ ಇರ್ತಿತ್ತಲ್ವಾ?”

“ಮಗು ಊಟ ಮಾಡ್ಲಿ ಬಿಡೋ ಅಬ್ದೆಲ್‌ಹಕ್,” ಅಂದಳು ಅಜ್ಜಿ.

“ಸುಮ್ನೆ ಕೇಳ್ದೆ ಕಣಮ್ಮ,” ಎಂದು ಅಪ್ಪ ನಕ್ಕ.

ಅಪ್ಪ ಅಮ್ಮ ಬೇರೆಯಾಗಿ ಒಂದು ವರ್ಷವಾಗಿತ್ತು. ಟ್ಯಾಕ್ಸಿ ಓಡಿಸುವ ಅಪ್ಪ ಸೆಫ್ರು ಊರಿನ ಹೊಸ ಬಡಾವಣೆಯಲ್ಲಿ ಅಜ್ಜಿಯ ಜೊತೆ ಇದ್ದ. ನುಹೈಲಾ ಅಮ್ಮನ ಜೊತೆ ಹಳೇ ಪೇಟೆಯ ಓಣಿಯಲ್ಲೇ ಇದ್ದಳು. ಶುಕ್ರವಾರ ಮಧ್ಯಾಹ್ನ ಶಾಲೆ ಇರುತ್ತಿರಲಿಲ್ಲ. ಅಪ್ಪ ಟ್ಯಾಕ್ಸಿಯಲ್ಲಿ ಬಂದು ಅವಳನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಆ ಒಂದು ಮಧ್ಯಾಹ್ನಕ್ಕಾಗಿ ಅವಳು ವಾರವೆಲ್ಲ ಕಾಯುತ್ತಿದ್ದಳು.

ಅಜ್ಜಿ ಚಹಾ ಮಾಡಲು ಅಡುಗೆಮನೆಗೆ ಹೋದಳು. ಅಪ್ಪ ಹತ್ತಿರ ಸರಿದು ಅವಳ ಕೈ ಹಿಡಿದುಕೊಂಡ.

“ನನ್ನ ಕರುಳ ಕುಡಿ,” ಅಂದ. ಅವನ ದನಿ ತಗ್ಗಿತ್ತು. “ಕೆಲಸ ಮುಗಿಸಿ ಬಂದ್ರೆ ಮಾತಾಡೋಕೆ ಯಾರೂ ಇರಲ್ಲ ನಂಗೆ. ನಿನ್ನ ಬಿಟ್ರೆ ಯಾರಿದ್ದಾರೆ ಹೇಳು? ನೀನೂ ನನ್ನಿಂದ ಮುಚ್ಚಿಡೋಕೆ ಶುರು ಮಾಡಿದ್ರೆ ನಾನೇನು ಮಾಡ್ಲಿ?”

ಅಪ್ಪನ ಕಣ್ಣು ಒದ್ದೆಯಾಗಿತ್ತು. ಇಷ್ಟು ದೊಡ್ಡ ಅಪ್ಪ, ಇಡೀ ಊರಿನ ಟ್ರಾಫಿಕ್ಕಿಗೆ ಜೋರು ಮಾಡುವ ಅಪ್ಪ, ತನ್ನಿಂದಾಗಿ ಅಳುವುದೇ?

“ನಾನೇನೂ ಮುಚ್ಚಿಟ್ಟಿಲ್ಲ ಅಪ್ಪಾ!” ಅಂದವಳೇ ಎಲ್ಲವನ್ನೂ ಹೇಳಿಬಿಟ್ಟಳು. ಆಲಿವ್ ಗಾಣದಲ್ಲಿ ಕೆಲಸ ಹೋಗಿ ಜವಾದ್ ಮಾವ ಬಂದಿರುವುದು. ಮುಂದಿನ ಕೋಣೆಯಲ್ಲಿ ಮಲಗುವುದು. “ಒಬ್ನೇ ಎರಡು ರೊಟ್ಟಿ ತಿಂತಾನೆ ಗೊತ್ತಾ? ಅದಕ್ಕೇ ಐದು!”

ಅಪ್ಪ ಜೋರಾಗಿ ನಕ್ಕು ಅವಳ ತಲೆ ಸವರಿದ. “ಇದು ನಮ್ಮಿಬ್ಬರ ಗುಟ್ಟು. ಅಮ್ಮಂಗೆ ಹೇಳ್ಬೇಡ. ಪಾಪ, ಬೇಜಾರ್ ಮಾಡ್ಕೋತಾಳೆ.”

ಅಪ್ಪನಿಗೂ ತನಗೂ ಒಂದು ಗುಟ್ಟು! ನುಹೈಲಾ ಅವತ್ತು ಓಣಿಯ ಮೆಟ್ಟಿಲುಗಳನ್ನು ಕುಣಿದುಕೊಂಡೇ ಹತ್ತಿದಳು.

ಜವಾದ್ ಅಮ್ಮನ ತಮ್ಮ. ಅವನು ಬಂದ ಮೇಲೆ ಮನೆಗೆ ಒಂದು ಕಳೆ ಬಂದಿತ್ತು. ನುಹೈಲಾಳನ್ನು ‘ಮೇಡಂ’ ಎಂದು ಕರೆಯುತ್ತಿದ್ದ. ರೊಟ್ಟಿ ಮುರಿದು ಅರ್ಧ, ಕಾಲು, ಅರೆಕಾಲು ಎಂದು ಭಿನ್ನರಾಶಿ ಹೇಳಿಕೊಡುತ್ತಿದ್ದ. ಲೆಕ್ಕ ಸರಿಯಾದರೆ ಆ ತುಂಡು ಅವಳಿಗೆ, ತಪ್ಪಾದರೆ ಅವನ ಬಾಯಿಗೆ. ಅಮ್ಮ ಕಿಟಕಿಯ ಪಕ್ಕ ಕೂತು ಜಲ್ಲಾಬಾ ಎಂಬ ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಹೆಣೆಯುತ್ತಾ, “ಹುಡುಗಿ ಉಪವಾಸ ಬೀಳ್ತಾಳೆ ಕಣೋ!” ಎಂದು ನಗುತ್ತಿದ್ದಳು. ಅಮ್ಮ ನಕ್ಕು ಎಷ್ಟು ಕಾಲವಾಗಿತ್ತೋ!

ಸೋಮವಾರ ಸಂಜೆ ಅಮ್ಮನ ಫೋನ್ ಬಡಿದುಕೊಂಡಿತು. ಅಪ್ಪನ ದನಿ ಕೋಣೆಗೆಲ್ಲ ಕೇಳಿಸಿತು.

“ನಾನು ಬಾಡಿಗೆಗೆ ಮನೆ ಹಿಡಿದು ಕೊಟ್ಟಿರೋದು ನನ್ನ ಮಗಳಿಗೆ! ನಿನ್ನ ತಮ್ಮನಿಗೆ ಅದು ಧರ್ಮಛತ್ರ ಅಲ್ಲ. ನಾಳೆ ಅವನು ಜಾಗ ಖಾಲಿ ಮಾಡ್ಬೇಕು. ಇಲ್ಲಾಂದ್ರೆ ಜಡ್ಜ್ ಮುಂದೆ ಹೋಗ್ತೀನಿ. ನನ್ನ ಮಗಳಿಗೆ ಮಲಗೋಕೂ ಜಾಗ ಇಲ್ಲ ಅಂತ ಹೇಳ್ತೀನಿ. ಅವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ.”

“ಜಾಗ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ?” ಅಮ್ಮ ಕೇಳಿದಳು.

“ನನ್ನ ಮಗಳೇ ಹೇಳಿದ್ಲು.”

ನಾನು ಹಾಗೆ ಹೇಳಲೇ ಇಲ್ಲ! ನುಹೈಲಾಳಿಗೆ ಕೂಗಬೇಕೆನಿಸಿತು. ಮಾವ ಮುಂದಿನ ಕೋಣೆಯಲ್ಲಿ ಮಲಗುತ್ತಾನೆ ಅಂದಿದ್ದಳು, ಅಷ್ಟೆ. ಅವಳು ಮಲಗುವುದು ಮೊದಲಿನಿಂದಲೂ ಅಮ್ಮನ ಪಕ್ಕದಲ್ಲಿ. ಗುಟ್ಟು ಅಂದವನು ಅಪ್ಪನೇ. ಈಗ ಅದನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿರುವವನೂ ಅಪ್ಪನೇ.

ಅಮ್ಮ ಅವಳ ಕಡೆ ಒಂದು ಸಲ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಬೆಳಿಗ್ಗೆ ಜವಾದ್ ಮಾವ ಬ್ಯಾಗ್ ತುಂಬಿಸಿಕೊಂಡ. ಫೆಸ್ ಪಟ್ಟಣದಲ್ಲಿ ಗೆಳೆಯನ ರೂಮಿಗೆ ಹೋಗುತ್ತಾನಂತೆ.

“ಮಾವಾ, ನನ್ನಿಂದಾನಾ?” ನುಹೈಲಾ ಬಾಗಿಲ ಹತ್ತಿರ ನಿಂತು ಕೇಳಿದಳು.

“ಅಯ್ಯೋ ಮೇಡಂ, ನಿಮ್ಮಿಂದ ಯಾಕೆ? ಫೆಸ್‌ನಲ್ಲಿ ನನಗೆ ದೊಡ್ಡ ಆಫೀಸರ್ ಕೆಲಸ ಇಟ್ಕೊಂಡು ಕಾಯ್ತಿದ್ದಾರೆ.” ಅವನು ಮುಖ ತಿರುಗಿಸಿಕೊಂಡು ಬ್ಯಾಗಿನ ಜಿಪ್ ಎಳೆಯುತ್ತಲೇ ಇದ್ದ. ಜಿಪ್ ಆಗಲೇ ಹಾಕಿಯಾಗಿತ್ತು.

ಅವತ್ತು ಅಮ್ಮ ಮೂರೇ ರೊಟ್ಟಿ ತಟ್ಟಿದಳು. ಹಲಗೆಯ ಮೇಲೆ ಬಟ್ಟೆ ಮುಚ್ಚಿ ನುಹೈಲಾಳ ಕೈಗೆ ಕೊಟ್ಟಳು. ಓಣಿಯ ಎಲ್ಲ ಮನೆಯವರೂ ಹಿಟ್ಟು ನಾದಿ ಕಳಿಸುವುದು ಮೂಲೆಯ ಒಲೆಮನೆಗೇ. ಅಲ್ಲಾಲ್ ತಾತ ಉದ್ದ ಕೋಲಿನ ಸಟ್ಟುಗದಿಂದ ರೊಟ್ಟಿಗಳನ್ನು ಬೆಂಕಿಯ ಮುಂದೆ ಸಾಲಾಗಿ ಸರಿಸುತ್ತಾನೆ.

ಅವನು ಬಟ್ಟೆ ಎತ್ತಿ ನೋಡಿದ. “ಏನಮ್ಮಾ, ಮೂರೇನಾ? ನಿಮ್ಮ ಮಾವ ಡಯಟ್ ಮಾಡ್ತಿದ್ದಾನಾ?”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. “ಅವನು ಹೋದನೇನೋ ಪಾಪ,” ಅಂದಳು ಒಬ್ಬಳು, ಯಾರೂ ಹೇಳದೆಯೇ.

ನುಹೈಲಾ ಬೆಂಕಿಯನ್ನು ನೋಡುತ್ತಾ ನಿಂತಳು. ಹಲಗೆ ನೋಡಿದರೆ ಸಾಕು, ಈ ಓಣಿಯಲ್ಲಿ ಯಾರ ಮನೆಗೆ ನೆಂಟರು ಬಂದರು, ಯಾರ ಮನೆಯಿಂದ ಹೋದರು ಎಂದು ಎಲ್ಲರಿಗೂ ತಿಳಿಯುತ್ತದೆ. ಅಪ್ಪನೂ ಇದೇ ಓಣಿಯಲ್ಲಿ ಬೆಳೆದವನು. ಚಿಕ್ಕವನಿದ್ದಾಗ ಇದೇ ಒಲೆಗೆ ಹಲಗೆ ಹೊತ್ತು ತಂದವನು.

ಹಾಗಾದರೆ ಹಲಗೆ ಭಾರ ಅಲ್ವೇನೇ ಎಂದು ಕೇಳಿದ್ದೂ ಅದಕ್ಕೇನಾ? ತನ್ನ ಕೈ ನೋಯುತ್ತದೆ ಎಂದು ಅಲ್ಲವಾ? ಉಳಿದಿದ್ದೆಲ್ಲಕ್ಕಿಂತ ಆ ಮಾತೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಅಲ್ಲೇ, ಹೊಗೆ ಕಣ್ಣಿಗೆ ಹೋದವಳ ಹಾಗೆ ಕಣ್ಣೊರೆಸಿಕೊಂಡಳು.

ಶುಕ್ರವಾರ ಮತ್ತೆ ಬಂತು. ಹೋಗಲ್ಲ ಅನ್ನೋಣ ಎಂದುಕೊಂಡಿದ್ದಳು. ಆದರೆ ಟ್ಯಾಕ್ಸಿಯ ಹಾರ್ನ್ ಕೇಳಿದ ಕೂಡಲೇ ಅವಳ ಕಾಲು ತಾನಾಗಿ ಓಡಿತು. ಅಪ್ಪನ ಮೇಲೆ ಅಷ್ಟೊಂದು ಪ್ರೀತಿ ಅವಳಿಗೆ.

ಅದೇ ತಟ್ಟೆ, ಅದೇ ಕುಸ್‌ಕುಸ್. ಅಪ್ಪ ಮಾಂಸ ಬಿಡಿಸಿ ಅವಳ ಕಡೆಗೆ ತಳ್ಳಿದ.

“ಸೊರಗಿ ಹೋಗಿದೀಯಲ್ಲೇ. ನಿಮ್ಮಮ್ಮ ರಾತ್ರಿಯೆಲ್ಲ ಗುಂಡಿ ಹೆಣೀತಾ ಕೂರ್ತಾಳಾ? ನಿನ್ನ ಹೋಮ್‌ವರ್ಕ್ ಯಾರು ನೋಡ್ತಾರೆ ಪಾಪ?”

ಆ ದನಿ ಅವಳಿಗೆ ಈಗ ಗೊತ್ತಿತ್ತು. ಮೊದಲು ಮಾಂಸ, ಆಮೇಲೆ ಪಾಪ ಎನ್ನುವುದು, ಆಮೇಲೆ ಪ್ರಶ್ನೆ. ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟಳು.

“ಅದನ್ನ ಅಮ್ಮನ್ನೇ ಕೇಳು ಅಪ್ಪಾ.”

ಅಪ್ಪ ನಕ್ಕುಬಿಟ್ಟ. “ಓಹೋ! ಹೀಗೆ ಹೇಳು ಅಂತ ಅಮ್ಮ ಕಳಿಸಿದ್ಲಾ?”

“ಇಲ್ಲ. ಅಮ್ಮ ಏನೂ ಹೇಳಿಲ್ಲ.”

“ನಾನು ಸುಮ್ನೆ ಕೇಳ್ದೆ ಕಣೇ. ನಿನ್ನ ಒಳ್ಳೇದಕ್ಕೆ ತಾನೇ? ಇಲ್ಲೇ ಬಂದು ಇದ್ರೆ ನಿನಗೆ ಬೇರೆ ರೂಮು, ಸೈಕಲ್ಲು...”

“ಬೇಡ ಅಪ್ಪಾ.”

ಅಪ್ಪನ ನಗು ನಿಂತಿತು. ಅವನು ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ತುಂಬಿತು. “ಆಯ್ತು. ನೀನೂ ಅಪ್ಪನ ಕೈಬಿಟ್ಟೆ. ಸಂತೋಷ.”

ನುಹೈಲಾಳಿಗೆ ಅವನ ಕುತ್ತಿಗೆಗೆ ಜೋತುಬೀಳಬೇಕು ಅನ್ನಿಸಿತು. ಅಮ್ಮ ದೀಪ ಹಾಕಿಕೊಂಡು ಹೆಣೆಯುತ್ತಾಳೆ, ಕೂತಲ್ಲೇ ತೂಕಡಿಸುತ್ತಾಳೆ, ಒಂದು ದಿನ ನನ್ನ ಹೋಮ್‌ವರ್ಕ್ ನೋಡುವುದನ್ನೇ ಮರೆತಿದ್ದಳು ಎಂದು ಹೇಳಿಬಿಟ್ಟರೆ ಸಾಕು, ಅಪ್ಪ ಮತ್ತೆ ನಗುತ್ತಾನೆ. ಮಾತು ನಾಲಿಗೆಯ ತುದಿಗೇ ಬಂದಿತ್ತು.

ಆ ಕಣ್ಣೀರು ಸುಳ್ಳಲ್ಲ. ಅಪ್ಪನಿಗೆ ನಿಜವಾಗಿಯೂ ಅಳು ಬಂದಿತ್ತು. ಆದರೆ ಆ ಅಳುವಿಗೆ ಅವಳಿಂದ ಏನೋ ಬೇಕಾಗಿತ್ತು. ಅದನ್ನು ಕೊಟ್ಟರೆ ಆಮೇಲೆ ಅಮ್ಮ ಅಳಬೇಕಾಗುತ್ತದೆ.

“ಜಾಗ ಇಲ್ಲ ಅಂತ ನಾನು ಹೇಳಿರಲಿಲ್ಲ ಅಪ್ಪಾ,” ಅಂದಳು. “ನೀನು ಹಾಗೆ ಹೇಳ್ದೆ. ಮಾವ ಹೋಗ್ಬಿಟ್ಟ. ಇನ್ಮೇಲೆ ನಾನು ಏನೂ ಹೇಳಲ್ಲ.”

ಅಜ್ಜಿ ಚಮಚ ಕೆಳಗಿಟ್ಟಳು. “ಸಾಕು ಕಣೋ,” ಅಂದಳು ಮಗನಿಗೆ. ನುಹೈಲಾಳ ಮುಂದಿದ್ದ ಮಾಂಸ ಹಾಗೇ ತಣ್ಣಗಾಯಿತು.

ಟ್ಯಾಕ್ಸಿಯಲ್ಲಿ ಅಪ್ಪ ರೇಡಿಯೊ ಜೋರಾಗಿ ಹಾಕಿದ. ಓಣಿಯೊಳಗೆ ಟ್ಯಾಕ್ಸಿ ಹೋಗುವುದಿಲ್ಲ. ಬೇರೆ ದಿನ ಆದರೆ ಅಪ್ಪ ಕೈ ಹಿಡಿದು ಮನೆಯ ಬಾಗಿಲ ತನಕ ಬರುತ್ತಿದ್ದ. ಇವತ್ತು ಇಳಿಯಲಿಲ್ಲ.

“ಮುಂದಿನ ಶುಕ್ರವಾರ ಬರ್ತೀಯಾ ಅಪ್ಪಾ?” ನುಹೈಲಾ ಕಿಟಕಿಯಲ್ಲಿ ಬಗ್ಗಿ ಕೇಳಿದಳು.

“ನೋಡೋಣ. ನಿನಗೆ ಅಪ್ಪ ಬೇಕಾದ್ರೆ ತಾನೇ?”

“ಬೇಕು,” ಅಂದಳು. “ನಾನು ಕಾಯ್ತಿರ್ತೀನಿ.”

ಅಪ್ಪ ಗೇರ್ ಹಾಕಿದ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ಅವಳು ನಿಂತೇ ಇದ್ದಳು. ಅಪ್ಪ ಹಿಂದಕ್ಕೆ ತಿರುಗಿ ನೋಡಬಹುದು ಎಂದುಕೊಂಡಿದ್ದಳು. ನೋಡಲಿಲ್ಲ.

ಮನೆಯಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಮಡಿಲ ತುಂಬ ನೀಲಿ ದಾರ.

“ಬಂದ್ಯಾ ಕಂದಾ? ಬಾ, ಇಲ್ಲಿ ಕೂತ್ಕೋ.” ಅಮ್ಮ ಪಕ್ಕದ ಜಾಗ ತಟ್ಟಿ ತೋರಿಸಿದಳು. ಅವಳ ಕೂದಲನ್ನು ಮೆಲ್ಲಗೆ ಸರಿಮಾಡಿದಳು. ಆಮೇಲೆ ಕೇಳಿದಳು: “ಅಜ್ಜಿ ಮನೇಲಿ ಇವತ್ತು ಯಾರ್ಯಾರಿದ್ರು? ಯಾರಾದ್ರೂ ಹೆಂಗಸರು ಬಂದಿದ್ರಾ? ನಿಮ್ಮಪ್ಪ ಇನ್ನೊಂದು ಮದುವೆ ಮಾತಾಡ್ತಿದ್ದಾರಂತಲ್ಲ... ನೀನಲ್ದೆ ನಂಗೆ ಇನ್ಯಾರು ಹೇಳ್ತಾರೆ?”

ನುಹೈಲಾ ಅಮ್ಮನ ಮುಖ ನೋಡಿದಳು. ಅಮ್ಮನ ಕಣ್ಣ ಕೆಳಗೆ ಕಪ್ಪಾಗಿತ್ತು. ಅಮ್ಮನ ದನಿಯೂ ತಗ್ಗಿತ್ತು.

ಅಮ್ಮನಿಗೆ ಇಲ್ಲ ಅನ್ನುವುದು ಇನ್ನೂ ಕಷ್ಟವಾಗಿತ್ತು. ಮಾವ ಹೋಗಿದ್ದು ತನ್ನಿಂದ. ಆ ಸಾಲವನ್ನು ಹೀಗಾದರೂ ತೀರಿಸಬಾರದೇ ಎಂದು ಮನಸ್ಸು ಅಂದಿತು. ಅವಳು ತುಟಿ ಕಚ್ಚಿಕೊಂಡಳು.

“ಅದನ್ನ ಅಪ್ಪನ್ನೇ ಕೇಳಮ್ಮ,” ಅಂದಳು.

ಅಮ್ಮನ ಸೂಜಿ ಅರ್ಧಕ್ಕೆ ನಿಂತಿತು. ಅವಳು ಮಗಳನ್ನು ನೋಡಿದಳು. ನುಹೈಲಾ ಕಾದಳು. ಈಗ ಅಮ್ಮನೂ ಮುಖ ತಿರುಗಿಸಿಕೊಂಡರೆ ಅವಳಿಗೆ ಯಾರೂ ಉಳಿಯುತ್ತಿರಲಿಲ್ಲ.

ಅಮ್ಮ ಮಡಿಲಲ್ಲಿದ್ದ ದಾರವನ್ನೆಲ್ಲ ಬಾಚಿ ಪಕ್ಕಕ್ಕಿಟ್ಟಳು.

“ಹಸಿವಾಗಿದ್ಯಾ?” ಎಂದು ಕೇಳಿದಳು.

ಆ ಪ್ರಶ್ನೆಗೆ ನುಹೈಲಾ ಯೋಚನೆ ಮಾಡಬೇಕಾಗಿರಲಿಲ್ಲ.

“ತುಂಬಾ,” ಅಂದಳು. ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅಳತೊಡಗಿದಳು.