ಪೂಜೆಗಿಟ್ಟ ಕಂಪ್ಯೂಟರ್

ಆಯುಧಪೂಜೆಯ ಸಂಜೆ, ಅದಿಯಮಾನ್‌ಕೋಟೆಯ ಮನೆಯಲ್ಲಿ ಅಶ್ವತ್ಥ್ ಕಂಪ್ಯೂಟರಿನ ಮುಂದೆ ಸತ್ತು ಬಿದ್ದಿದ್ದ. ಬಲ ಅಂಗೈ ಸುಟ್ಟು ಕಪ್ಪಾಗಿತ್ತು.

ಪೊಲೀಸರು ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು — ಕೊಂದವಳು ತಂಗಿ ವಾಣಿ. ಬೇಕೆಂದಲ್ಲ, ಅತಿಬುದ್ಧಿಯಿಂದ. 166 ಮೆಗಾಹರ್ಟ್ಸ್ ವೇಗದ ಪ್ರೊಸೆಸರನ್ನು 200ರ ವೇಗಕ್ಕೆ ಓಡಿಸಲು, ಒಳಗೆ ವೇಗ ನಿಗದಿಮಾಡುವ ಜಂಪರ್ ಬದಲಿಸಿದವಳು ಅವಳೇ. ಬಿಸಿ ತಡೆಯಲು ಪೆಟ್ಟಿಗೆಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟವಳೂ ಅವಳೇ. ಆ ತೆರೆದ ಪೆಟ್ಟಿಗೆಯೊಳಗೇ ಅಣ್ಣನ ಕೈಗೆ ಕರೆಂಟ್ ಹೊಡೆದದ್ದು. ಪೂಜೆಗಿಟ್ಟದ್ದನ್ನು ಮುಟ್ಟಿದ್ದಕ್ಕೆ ಸರಸ್ವತಿ ಸುಮ್ಮನಿರುತ್ತಾಳೆಯೇ?

ಸಬ್ ಇನ್‌ಸ್ಪೆಕ್ಟರ್ ಗಂಗಾಲಕ್ಷ್ಮಿಗೆ ಇಂಥ ಆತುರದ ತೀರ್ಪು ಕಂಡರೆ ಮೈ ಉರಿಯುತ್ತಿತ್ತು. ವಾಣಿಯನ್ನು ಪಕ್ಕಕ್ಕೆ ಕರೆದಳು.

"ನಾನೇ ಕೊಂದೆ ಮೇಡಮ್. 200ಕ್ಕೆ ಏರ್ಸಿದ್ರೆ ನಿಂತು ನಿಂತು ಓಗ್ತಿತ್ತು."

"ಮತ್ತೆ ಇಳಿಸಲಿಲ್ವಾ?"

"ಇಳಿಸ್ದೆ. 166ರಲ್ಲೂ ಕೆಂಡದಂಗೆ ಬಿಸಿ. ಬಾವನ್ನ ಕೇಳ್ತೀನಿ ಅಂತಂದ ಅಣ್ಣ."

ಬಾವ ಮುರುಗೇಶ್ ಹಿರಿಯಕ್ಕ ಸಂಗೀತಾಳ ಗಂಡ. ಧರ್ಮಪುರಿಯಲ್ಲಿ ಅವನದೇ ಕಂಪ್ಯೂಟರ್ ಅಂಗಡಿ. ಈ ಯಂತ್ರ ಮಾರಿದವನೂ ಅವನೇ, ಹೆಣ ಕಂಡವನೂ ಅವನೇ. ಕಣ್ಣೊರೆಸಿಕೊಂಡು, ನಾದಿನಿಯನ್ನು ಬೈಯಬೇಡಿ, ಚಿಕ್ಕ ಹುಡುಗಿ ಎಂದು ಬೇಡಿಕೊಂಡ.

"ನೀವು ಬಂದಾಗ ಮೆಷಿನ್ ಓಡ್ತಿತ್ತಾ?"

"ಆಮಾ ಮೇಡಮ್, ಓಡ್ತಾ ಐತೆ. ಇವ್ನು ಕೈ ಇಟ್ಕೊಂಡೇ ಬಿದ್ದವ್ನೆ. ಓಡಿ ಬಂದು ಪ್ಲಗ್ ಕಿತ್ತೆ."

"ಸ್ವಿಚ್ ಆಫ್ ಮಾಡಲಿಲ್ಲ?"

"ಟೈಮ್ ಎಲ್ಲಿ? ಏನೂ ಮುಟ್ಟಿಲ್ಲ."

ಗಂಗಾಲಕ್ಷ್ಮಿ ಪ್ರೊಸೆಸರನ್ನು ಹೊರತೆಗೆಸಿ ಉಗುರಿನಿಂದ ಕೆರೆದಳು. 166 ಎಂಬ ಅಚ್ಚು ಕಿತ್ತುಬಂತು. ಅಡಿಯಲ್ಲಿ 133 ಎಂದಿತ್ತು. ಸೇಲಂನಲ್ಲಿ ಹಿಂದೊಮ್ಮೆ ಇದೇ ಮೋಸ ಕಂಡಿದ್ದಳು.

"ವಾಣಿ, ನೀನು ಏರಿಸೋ ಮೊದಲೇ 133ರದ್ದನ್ನ 166ಕ್ಕೆ ಏರಿಸಿ ಮಾರಿದ್ರು. ಅಶ್ವತ್ಥ್‌ಗೆ ಗೊತ್ತಾಯ್ತು, ಬಾವನ್ನ ಕೇಳಿದ. ಊರಿಗೆ ಹೇಳ್ತೀನಿ ಅಂದಿರಬೇಕು. ಅಲ್ವಾ ಮುರುಗೇಶ್?"

"ಮೋಸ ಸರಿ ಮೇಡಮ್. ಕೊಲೆ ಎಂಗೆ?"

ಗಂಗಾಲಕ್ಷ್ಮಿ ಪೆಟ್ಟಿಗೆಯ ಮುಂದೆ ಕೂತಳು. ಎಲ್ಲರೂ ತೆರೆದ ಒಳಭಾಗವನ್ನೇ ನೋಡಿದ್ದರು. ಮುಂಭಾಗವನ್ನು ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಪೂಜೆಯಲ್ಲಿ, ಆಫ್ ಮಾಡಿದ್ದ ಪವರ್ ಸ್ವಿಚ್ಚಿಗೆ ವಾಣಿ ಹಚ್ಚಿದ ಗಂಧ, ಗುಂಡಿಯ ಸಂದನ್ನೂ ಮುಚ್ಚಿ ಒಣಗಿತ್ತು. ನಡುವೆ ಕುಂಕುಮದ ಬೊಟ್ಟು. ಒಂದು ಬಿರುಕೂ ಇಲ್ಲ.

"ಗುಂಡಿ ಒತ್ತಿದ್ರೆ ಇದು ಒಡೀಬೇಕಿತ್ತು. ಪೂಜೆ ಆದ ಮೇಲೆ ಈ ಮೆಷಿನ್ ಓಡೇ ಇಲ್ಲ. ತುದಿ ಬಿಚ್ಚಿದ ಕರೆಂಟ್ ವೈರನ್ನ ಅವನ ಕೈಗೆ ಇಟ್ಟು ಕೊಂದವನು ನೀನು. ಆನ್ ಮಾಡಿಟ್ಟಿದ್ರೆ ನಾನೂ ನಂಬ್ತಿದ್ದೆ. ಯಾಕೆ ಮಾಡಲಿಲ್ಲ?"

ಮುರುಗೇಶ್ ತನಗೇ ಹೇಳಿಕೊಳ್ಳುವಂತೆ ಅಂದ:

"ಸರಸ್ವತಿ ಪೂಜೆ ಮೇಡಮ್. ಕುಂಕುಮ ಇಟ್ಟಿದ್ರು. ಎಂಗೆ ಮುಟ್ಟೋದು?"

ಒಳಕೋಣೆಯಲ್ಲಿ ತಮ್ಮನಿಗಾಗಿ ಅಳುತ್ತಿದ್ದ ಸಂಗೀತಾಳ ದನಿ ತಟ್ಟನೆ ನಿಂತಿತು. ಅಲ್ಲಿಯವರೆಗೆ ಕಲ್ಲಾಗಿ ಕೂತಿದ್ದ ವಾಣಿ ಆಗ ಅಣ್ಣನಿಗಾಗಿ ಅಳತೊಡಗಿದಳು.